ಬೊಂಬೆಯ ಗಡ್ಡ ಮತ್ತು ಉಳಿದಿರುವ ಒಂದು ಸೀಟು

ಇಂದ:
ಕ್ಷೌರದಂಗಡಿಯವರ ಹಿರಿಮಗಳು
(ಇನ್ನು ಮುಂದೆ 'ಅರ್ಜಿದಾರಳು')

ಗೆ:
ಮಾನ್ಯ ಪ್ರಾಂಶುಪಾಲರು,
ನರ್ಸಿಂಗ್ ಮತ್ತು ಸಂಗೀತ ಕಾಲೇಜು,
ಔಷಧಿ ಅಂಗಡಿಯ ಹಿಂಭಾಗ

ವಿಷಯ: ಅರ್ಜಿದಾರಳ ತಂದೆ ತಮ್ಮ ಕಾಲೇಜಿನ ರೋಗಿಗೆ ಕ್ಷೌರ ಮಾಡಿದಾಗ್ಯೂ ಆಕೆಗೆ ಸೀಟು ನೀಡುವ ಬಗ್ಗೆ.

ಉಲ್ಲೇಖ: ಕಳೆದ ಗುರುವಾರ ತಾವು ಹಣೆ ಹಿಡಿದುಕೊಂಡು ಹೇಳಿದ "ನೋಡೋಣ".

ಮಾನ್ಯರೇ,

ಅರ್ಜಿದಾರಳಿಗೆ ಒಂದೇ ಒಂದು ಆಸೆ ಇಟ್ಟುಕೊಳ್ಳುವ ಭಾಗ್ಯ ಇರಲಿಲ್ಲ. ಆಕೆಗೆ ನರ್ಸಿಂಗೂ ಬೇಕು, ಕೊಳಲೂ ಬೇಕು. ಈ ಸಂಬಂಧ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೧. ಮನೆಯಲ್ಲಿ ಅಜ್ಜಿಗೆ ದಮ್ಮು. ಹೊತ್ತುಹೊತ್ತಿಗೆ ಔಷಧಿ ಕೊಡುವುದು, ಬೆನ್ನು ನೀವುವುದು, ಡಾಕ್ಟರ ಕೈಬರಹ ಬಿಡಿಸಿ ಓದುವುದು ಅರ್ಜಿದಾರಳ ಕೆಲಸ. ಬಿಡುವಾದಾಗ ಕೊಳಲು. ಕೊಳಲಿನಿಂದ ಅಜ್ಜಿಯ ಕಾಯಿಲೆ ವಾಸಿಯಾಯಿತೆಂದು ಈ ಮೂಲಕ ಹೇಳಿಕೊಳ್ಳುತ್ತಿಲ್ಲ. "ಸಾಕು ನಿಲ್ಲಿಸೇ, ನನ್ನ ಕೆಮ್ಮು ನನಗೇ ಕೇಳಿಸ್ತಿಲ್ಲ" ಎಂಬುದೇ ಅಜ್ಜಿಯ ಅಭಿಪ್ರಾಯ.

೨. ಕಾಲೇಜಿನ ಮಾತು ಬಂದಾಗ ಸೋದರಮಾವ ಪೇಟೆಯ ದೊಡ್ಡ ನರ್ಸಿಂಗ್ ಕಾಲೇಜಿನ ಪರ ನಿಂತರು. ಅವರು ಬಸ್ ಕಂಡಕ್ಟರು. ದೊಡ್ಡ ಕಾಲೇಜಿನಲ್ಲಿ ಲಿಫ್ಟ್ ಇದೆ ಎಂಬುದು ಅವರ ಮುಖ್ಯ ಆಧಾರ. ಅರ್ಜಿದಾರಳು ಮಾವನೊಂದಿಗೆ ಹೋಗಿ ನೋಡಿದಳು. ಲಿಫ್ಟ್ ಇರುವುದು ನಿಜ, ಕೆಟ್ಟಿರುವುದೂ ನಿಜ. ಕೌಂಟರಿನಲ್ಲಿದ್ದವರು ಕೊಳಲಿನ ಚೀಲ ನೋಡಿ, "ಇದನ್ನ ವಾರ್ಷಿಕೋತ್ಸವಕ್ಕೆ ತಗೊಂಡು ಬಾಮ್ಮ. ಈಗ ಫೋಟೋ ಅಂಟಿಸು" ಎಂದರು. "ಕೇಳಿದ್ಯಾ? ಒಂದು ಟಿಕೆಟ್‌ನಲ್ಲಿ ಎರಡು ರೂಟ್ ಓಡಾಡೋಕಾಗಲ್ಲ ಕಣೇ. ಯಾವುದಾದ್ರೂ ಒಂದು ಬಸ್ಸಿಂದ ಇಳಿ" ಎಂದು ಮಾವ ತೀರ್ಪು ಕೊಟ್ಟರು.

೩. ಆದಾಗ್ಯೂ ಗುರುವಾರ ಅರ್ಜಿದಾರಳು ತಂದೆಯೊಂದಿಗೆ ತಮ್ಮ ಕಾಲೇಜಿಗೆ ಬಂದಳು. ಮಹಡಿಯ ಮೇಲೆ ಆಕೆಯ ಕೊಳಲು ಕೇಳಿಸಿಕೊಂಡ ಸಂಗೀತದ ಮೇಡಂ ಅವರೇ ಕೆಳಗೆ ಶ್ವಾಸಕೋಶದ ಪಾಠ ಮಾಡುವವರೆಂದು ತಿಳಿದು ಆಕೆ ಬಾಯಿಬಿಟ್ಟುಕೊಂಡು ನಿಂತಳು. "ಇಬ್ಬರನ್ನ ಇಟ್ಟುಕೊಳ್ಳೋಕೆ ಕಾಲೇಜಿಗೆ ಗತಿಯಿಲ್ಲಮ್ಮ, ಎರಡಕ್ಕೂ ನಾನೇ. ಬಾಯಿ ಮುಚ್ಚು, ಉಸಿರು ಮೂಗಲ್ಲಿ ತಗೋ" ಎಂದರು ಮೇಡಂ. ಎರಡೂ ಬಸ್ಸಿನಲ್ಲಿ ಒಟ್ಟಿಗೆ ಕೂತ ಒಬ್ಬರನ್ನು ಅರ್ಜಿದಾರಳು ನೋಡಿದ್ದು ಅದೇ ಮೊದಲು. ಆ ಕ್ಷಣದಲ್ಲೇ ಆಕೆಯ ಆಯ್ಕೆ ಮುಗಿಯಿತು.

೪. ಇತ್ತ ಕೆಳಗೆ ತರಬೇತಿ ಕೊಠಡಿಯಲ್ಲಿ ತಂದೆಯನ್ನು ಒಬ್ಬರನ್ನೇ ಕೂರಿಸಲಾಗಿತ್ತು. ಎದುರಿನ ಮಂಚದ ಮೇಲೆ, ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುವ ರಬ್ಬರ್ ರೋಗಿ, ಅಂದರೆ ತಮ್ಮಲ್ಲಿ ಎಲ್ಲರೂ 'ದೊಡ್ಡಪ್ಪ' ಎಂದು ಕರೆಯುವ ಬೊಂಬೆ, ಕೆದರಿದ ಗಡ್ಡಮೀಸೆಯೊಂದಿಗೆ ಮಲಗಿತ್ತು. ಕಣ್ಣು ಮುಚ್ಚಿ ಗಲ್ಲ ಮೇಲೆತ್ತಿ ಒರಗಿದವರೆಲ್ಲ ಗಿರಾಕಿಗಳೆಂಬುದು ತಂದೆಗೆ ಇಡೀ ಆಯುಷ್ಯದ ಅಭ್ಯಾಸ. ಕತ್ತಿ ಕಿಸೆಯಲ್ಲೇ ಇತ್ತು. ಮೇಲಾಗಿ, ಸುಮ್ಮನೆ ಕೂರುವ ಬದಲು ಮಗಳ ಸೀಟಿಗಾಗಿ ಕೈಲಾದ ಸೇವೆ ಮಾಡೋಣವೆಂಬ ಒಳ್ಳೆಯ ಬುದ್ಧಿಯೂ ಅದೇ ಹೊತ್ತಿಗೆ ಬಂತು.

೫. ತಾವು ಒಳಗೆ ಬಂದಾಗ ತಂದೆ ಬೊಂಬೆಯ ಕೆನ್ನೆ ಒರೆಸುತ್ತಿದ್ದರು. "ಈಗ ನೋಡಿ ಸಾರ್, ಹತ್ತು ವರ್ಷ ಚಿಕ್ಕವರಾದ್ರು" ಎಂದರು. ಗಡ್ಡವಿರುವ ರೋಗಿಯ ಮುಖಕ್ಕೆ ನಳಿಕೆ ನಿಲ್ಲುವಂತೆ ಪಟ್ಟಿ ಅಂಟಿಸುವುದು ಹೇಗೆಂದು ಕಲಿಸಲೆಂದೇ ಆ ಗಡ್ಡವನ್ನು ಎಳೆಎಳೆಯಾಗಿ ನೆಡಿಸಿದ್ದೆಂದು ತಾವು ವಿವರಿಸಿದಿರಿ. "ಹೋಗಲಿ ಬಿಡಿ ಸಾರ್, ಮತ್ತೆ ಬೆಳೆಯುತ್ತೆ" ಎಂದು ತಂದೆ ಸಮಾಧಾನ ಹೇಳಿದರು. ಹಾಗೆ ಹೇಳಿದ ಮೇಲೆ ಬೊಂಬೆಯತ್ತ ನೋಡಿದರು. ಕತ್ತಿ ಮಡಚಿ ಕಿಸೆಗೆ ಹಾಕಿಕೊಂಡರು. ತಾವು "ನೋಡೋಣ" ಎಂದು ಅರ್ಜಿದಾರಳ ಕಡತವನ್ನು ಮೇಜಿನ ಆಚೆ ತುದಿಗೆ ತಳ್ಳಿದಿರಿ.

೬. "ನೋಡೋಣ ಅಂದ್ರೆ ಇಲ್ಲ ಅಂತಲೇ" ಎಂದು ಮಾವ ಸೋಮವಾರ ದೊಡ್ಡ ಕಾಲೇಜಿಗೆ ಸೇರಿಸಲು ಚೀಲ ಸಿದ್ಧ ಮಾಡಿದ್ದಾರೆ. ಅದರಲ್ಲಿ ಕೊಳಲಿಗೆ ಜಾಗ ಬಿಟ್ಟಿಲ್ಲ. ತಂದೆಯಾದರೋ, ಅಂಗಡಿಯ ಕುರ್ಚಿಗೆ ಕೂತವರನ್ನೆಲ್ಲ "ನಿಜವಾಗ್ಲೂ ತೆಗೀಬೇಕಾ? ಮನೇಲಿ ಕೇಳಿದೀರಾ?" ಎಂದು ವಿಚಾರಿಸತೊಡಗಿದ್ದಾರೆ.

ಆದ್ದರಿಂದ, ಸೀಟು ಕೇಳುತ್ತಿರುವವಳು ಅರ್ಜಿದಾರಳೇ ಹೊರತು ಆಕೆಯ ತಂದೆಯಲ್ಲವಾದ ಕಾರಣ, ಆಕೆ ಈವರೆಗೆ ಯಾರ ಗಡ್ಡವನ್ನೂ ಮುಟ್ಟಿಲ್ಲವಾದ ಕಾರಣ, ಮತ್ತು ಗಡ್ಡವಿಲ್ಲದ ರೋಗಿಗಳೂ ಆಸ್ಪತ್ರೆಗೆ ಬರುವ ಕಾರಣ, ತಮ್ಮಲ್ಲಿ ಉಳಿದಿರುವ ಒಂದೇ ಒಂದು ಸೀಟನ್ನು ಸೋಮವಾರ ಬೆಳಗ್ಗೆ ಮಾವ ಏಳುವುದರೊಳಗೆ ಆಕೆಗೆ ದಯಪಾಲಿಸಬೇಕಾಗಿ ಕೋರಿಕೆ. ಗಡ್ಡವನ್ನು ಮತ್ತೆ ನೆಡುವ ಕೆಲಸಕ್ಕೆ ಅರ್ಜಿದಾರಳು ಪ್ರತಿ ಶನಿವಾರ ಬರುತ್ತಾಳೆ. ಸೂಜಿ ಹಿಡಿಯಲು ಹೇಗೂ ಕಲಿಯಬೇಕು.

ಗಡ್ಡದ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ
ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತುಗಳು:
(ಅ) ಅಂಕಪಟ್ಟಿಯ ನಕಲು.
(ಆ) ತಂದೆ ಗುಡಿಸಿ ಪೊಟ್ಟಣ ಕಟ್ಟಿಟ್ಟ ಕೂದಲು. ಗಡ್ಡ ಯಾವುದು, ಮೀಸೆ ಯಾವುದು ಎಂದು ಬೇರ್ಪಡಿಸಿಲ್ಲ.
(ಇ) ಅಜ್ಜಿಯ ಒಪ್ಪಿಗೆ ಪತ್ರ: "ಇವಳನ್ನ ಸೇರಿಸ್ಕೊಳ್ಳಿ. ಕೊಳಲು ಅಲ್ಲೇ ಇರಲಿ."

ಕೊನೆಯ ಕೋರಿಕೆ: ಸೇರಿಸಿಕೊಳ್ಳುವ ದಿನ ಪೋಷಕರು ಬರಲೇಬೇಕೆಂಬ ನಿಯಮವಿದ್ದಲ್ಲಿ, ಅಪ್ಪನನ್ನು ಮಹಡಿಯ ಮೇಲೆ ಕೂರಿಸತಕ್ಕದ್ದು.

ಈ ಪ್ರಕರಣದಲ್ಲಿ ಇಲ್ಲಿಯವರೆಗೆ ಆದ ನಷ್ಟ: ಗಡ್ಡ ಒಂದು, ಮೀಸೆ ಒಂದು, ಗಿರಾಕಿಗಳು ಇಬ್ಬರು.