ಸಾಹೇಬರ ಕಂಪನಿಗೆ ಬೇಕಾಗಿದ್ದ ವಿಳಾಸ

ಕಾನೂನಿಗೆ ಹೆದರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೆ ಚಳ್ಳೆಹಣ್ಣು ತಿನ್ನಿಸುವವರನ್ನು ಅದಕ್ಕಿಂತ ಹೆಚ್ಚಾಗಿ ಕಂಡಿದ್ದೇನೆ. ಆದರೆ ಕಾನೂನನ್ನು ಪ್ರೀತಿಸುವ ಮನುಷ್ಯ ಅಂತ ನೋಡಿದ್ದು ನಮ್ಮ ಸಾಹೇಬರೊಬ್ಬರನ್ನೇ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ, ಎಲ್ಲಾದರೂ ಒಂದು ಕಡೆ ಪ್ರೀತಿ ಇಡಬೇಕಲ್ಲ! ನಮ್ಮ ದೇಶದ ಕಂಪನಿ ಕಾಯ್ದೆಯ ಮೇಲೆ ಇಟ್ಟಿದ್ದರು.

ಸಾಹೇಬರು ಹಾಲೆಂಡಿನವರು. ಕುರಿ ಉಣ್ಣೆಯ ಬೆನ್ನು ಹತ್ತಿ ಹೊಸದುರ್ಗಕ್ಕೆ ಬಂದು ಇಲ್ಲೇ ಒಂದು ಕೋಣೆ ಹಿಡಿದು ಉಳಿದವರು. ನನ್ನದು ಕಂಬಳಿ ನೇಯಿಸುವ ಕಸುಬು. ಅರ್ಧಕ್ಕೇ ಶಾಲೆ ಬಿಟ್ಟು ಅಪ್ಪನ ಮಗ್ಗದಲ್ಲಿ ಕುಳಿತವನು, ಇವತ್ತು ನನ್ನ ಮಗ್ಗಗಳಲ್ಲಿ ನಾಲ್ಕು ಮನೆಯವರು ಅನ್ನ ಕಾಣುತ್ತಾರೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ನಮ್ಮ ಸೀಮೆಯ ಕರಿ ಉಣ್ಣೆ ಮೈಗೆ ಚುಚ್ಚುತ್ತದೆ ಅಂತ ಪೇಟೆಯವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಈ ಮನುಷ್ಯ ಬಂದು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟರು. ನಮ್ಮ ನೇಕಾರನೊಬ್ಬ, "ಪಾಪ, ಯಾರೋ ಮಾಟ ಮಾಡ್ಸವ್ರೆ" ಅಂದ.

ಅವರ ಮೊದಲ ಆಲೋಚನೆ ಉಣ್ಣೆಯ ಚಪ್ಪಲಿ ಮಾಡಿಸಿ ತಮ್ಮ ಚಳಿ ದೇಶಕ್ಕೆ ಕಳಿಸುವುದು. ಮಾದರಿಯೊಂದನ್ನು ತಂದು ನಮ್ಮ ಅವ್ವನಿಗೆ ತೋರಿಸಿದರು. ಅವ್ವ ಅದನ್ನು ಮುಟ್ಟಲೂ ಇಲ್ಲ.

"ಕಂಬಳಿ ಅಂದ್ರೆ ಗದ್ದಿಗೆ ಹಾಸೋದಪ್ಪಾ. ದೇವ್ರು ಕುಂತ್ಕಳೋ ಜಾಗ. ಅದನ್ನ ಕಾಲಿಗೆ ಹಾಕ್ಕಂಡು ಕಕ್ಕಸಿಗೆ ಹೋಗ್ತಾರೇನು ನಿಮ್ಮೂರಾಗೆ?"

ಬೇರೆಯವರಾಗಿದ್ದರೆ ವ್ಯಾಪಾರ ಬೇರೆ, ದೇವರು ಬೇರೆ ಅನ್ನುತ್ತಿದ್ದರು. ಸಾಹೇಬರು ಮರುದಿನವೇ ಒಂದು ಚೀಲ ಹೊಲಿಸಿಕೊಂಡು ಬಂದರು. ಪುಸ್ತಕ ಓದಿ ಕನ್ನಡ ಕಲಿತವರು, ಮಾತು ಯಾವಾಗಲೂ ಇಸ್ತ್ರಿ ಮಾಡಿದ ಅಂಗಿಯ ಹಾಗೆ. "ಅವ್ವ, ಇದು ಹೆಗಲಿಗೆ. ಆಗಬಹುದೇ?"

"ಹೆಗಲಿಗೆ ಅಡ್ಡಿಯಿಲ್ಲ. ಕಂಬಳಿ ಇರೋದೇ ಅಲ್ಲಿ."

ಹೀಗೆ ಚೀಲದ ಕಂಪನಿ ಮಾಡುವುದೆಂದು ತೀರ್ಮಾನವಾಯಿತು. ಕಂಪನಿಗೆ ಇಬ್ಬರು ನಿರ್ದೇಶಕರಾದರೂ ಬೇಕಂತೆ. ಒಬ್ಬರು ತಾವು, ಇನ್ನೊಬ್ಬ ನಾನು ಅಂದರು.

"ನಾನು ಓದಿದೋನಲ್ಲ ಸಾಹೇಬ್ರೆ."

"ಓದಿರಬೇಕು ಎಂದು ಕಾಯ್ದೆಯಲ್ಲಿ ಇಲ್ಲ, ಅಣ್ಣ. ದಿವಾಳಿ ಆಗಿರಬಾರದು, ಬುದ್ಧಿ ಕೆಟ್ಟಿರಬಾರದು. ಅಷ್ಟೇ."

"ದಿವಾಳಿ ಆಗಿಲ್ಲ. ಇನ್ನೊಂದು, ನಿಮ್ಮ ಸಹವಾಸದಾಗೆ ಹೇಳಾಕಾಗಲ್ಲ."

ಅವರು ನಗಲಿಲ್ಲ. ಕಾಯ್ದೆಯ ವಿಷಯದಲ್ಲಿ ನಗುವುದಿಲ್ಲ. ನಿರ್ದೇಶಕರ ಸಭೆಗೆ ವಾರ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕೆಂಬ ನಿಯಮವಿದೆಯಂತೆ. ಕಂಪನಿ ಇನ್ನೂ ಹುಟ್ಟಿರಲಿಲ್ಲ, ಆದರೂ ಅಭ್ಯಾಸ ಇರಲಿ ಅಂತ ಶುರು ಮಾಡಿಬಿಟ್ಟರು. ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕುಳಿತು ಚಹಾ ಕುಡಿಯುವ ಮನುಷ್ಯ, ಲೋಟ ಕೆಳಗಿಟ್ಟು, ಜೇಬಿನಿಂದ ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟು, ಮುಂದಿನ ವಾರ ಇದೇ ಕಟ್ಟೆಯ ಮೇಲೆ ಭೇಟಿಯಾಗೋಣ ಅನ್ನುವರು. ನಡುವೆ ನಾನೇನಾದರೂ ಚೀಲದ ಬಣ್ಣದ ಮಾತು ತೆಗೆದರೆ ತುಟಿಯ ಮೇಲೆ ಬೆರಳಿಡುವರು. "ಅದು ಸಭೆಯಲ್ಲಿ."

ಇಷ್ಟೆಲ್ಲಾ ನಗೆಚಾಟಿಕೆಯ ಹಿಂದೆ ಒಂದು ಗಡುವಿತ್ತು. ಸಾಹೇಬರ ವೀಸಾ ಮುಗಿಯುತ್ತಾ ಬಂದಿತ್ತು. ಅಷ್ಟರೊಳಗೆ ಕಂಪನಿ ನೋಂದಣಿಯಾದರೆ ಅದರ ಆಧಾರದ ಮೇಲೆ ಇಲ್ಲಿರಲು ಅರ್ಜಿ ಹಾಕಬಹುದು. ಆಗದಿದ್ದರೆ ಗಂಟು ಕಟ್ಟಬೇಕು. ನೋಂದಣಿಗೆ ಬೇಕಾದದ್ದು ಒಂದು ವಿಳಾಸ. ಬಾಡಿಗೆಗೆ ಜಾಗ ಕೊಡಲು ಎಲ್ಲರೂ ಸಿದ್ಧ, ಪರದೇಶದವರ ಕಾಗದಕ್ಕೆ ಸಹಿ ಹಾಕಲು ಯಾರೂ ಸಿದ್ಧರಿಲ್ಲ. ಐಮಂಗಲದ ಹೆದ್ದಾರಿ ಬದಿಯ ಗೋಡೌನಿನವರು ಹೂಂ ಅಂದಿದ್ದರು, ಪೊಲೀಸ್ ಸ್ಟೇಷನ್ನಿಗೂ ಒಂದು ಮಾತು ತಿಳಿಸಬೇಕು ಅಂದ ಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಹಿರಿಯೂರಲ್ಲೂ ಅದೇ ಕಥೆ. ಕೊನೆಗೆ ನಾನೇ ಹೇಳಿದೆ, ನಮ್ಮ ಮನೆಗೆ ಅಂಟಿಕೊಂಡ ಉಣ್ಣೆ ಕೊಟ್ಟಿಗೆಯೇ ಇರುವಾಗ ಊರೂರು ಯಾಕೆ ಅಲೆಯುತ್ತೀರಿ ಅಂತ.

ಕಾಗದ ಹಿಡಿದುಕೊಂಡು ಚಿತ್ರದುರ್ಗದ ಆಡಿಟರ್ ಹತ್ತಿರ ಹೋದೆವು. ಅವರು ವಿಳಾಸದ ಪುರಾವೆಗೆಂದು ಒಯ್ದಿದ್ದ ಕರೆಂಟ್ ಬಿಲ್ಲು ನೋಡಿ, "ಈ ಕೆಂಚಪ್ಪ ಯಾರು?" ಅಂದರು.

"ನಮ್ಮಪ್ಪ. ತೀರ್ಕಂಡು ಬಾಳ ವರ್ಷ ಆತು."

"ಸತ್ತೋರು ಒಪ್ಪಿಗೆ ಪತ್ರ ಕೊಡಾಕಾಗಲ್ವಲ್ಲ. ಬಿಲ್ಲು ಬದುಕಿರೋರ ಹೆಸ್ರಿಗೆ ಮಾಡಿಸ್ಕಂಡು ಬರ್ರಿ. ಅರ್ಜೆಂಟ್ ಇದ್ರೆ ಕೆಂಚಪ್ಪ ಅಂತ ನೀವೇ ಒಂದು ಸೈನ್ ಹಾಕ್ರಿ, ಯಾರು ನೋಡ್ತಾರೆ?"

ಸಾಹೇಬರು ಕುರ್ಚಿಯಿಂದ ಎದ್ದುಬಿಟ್ಟರು. ಯಾರೋ ತಮ್ಮ ಪ್ರೇಯಸಿಯ ಬಗ್ಗೆ ಹಗುರವಾಗಿ ಆಡಿದ ಹಾಗೆ ಮುಖ ಕೆಂಪಗಾಗಿತ್ತು. ಕಾಗದಗಳನ್ನು ಬಾಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು.

ಮನೆಗೆ ಬಂದು ಅವ್ವನ ಮುಂದೆ ವಿಷಯ ಇಟ್ಟೆ. ಹೆಸರು ಬದಲಾಯಿಸುವುದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ. ಅವ್ವ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಬಿಲ್ಲಿನೋನು ತಿಂಗ್ಳಿಗೊಂದ್ಸಲ ಬಾಗಿಲಾಗೆ ನಿಂತು ನಿಮ್ಮಪ್ಪನ ಹೆಸ್ರು ಕೂಗ್ತಾನೆ. ಬೇರೆ ಯಾರು ಕೂಗ್ತಾರೆ ಹೇಳು? ನೀನು ಕೂಗ್ತೀಯಾ? ಅದನ್ನೂ ನಿಲ್ಲಿಸ್ಬೇಕೇನಲೆ?"

ನಿಜ. ಬಿಲ್ಲಿನವನು "ಕೆಂಚಪ್ಪಾ" ಅಂದಾಗಲೆಲ್ಲ ಅವ್ವ ಒಳಗಿನಿಂದ ಸೆರಗು ಸರಿಮಾಡಿಕೊಂಡು ಬರುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಯಾಕೆ ಅಂತ ಯೋಚಿಸಿರಲಿಲ್ಲ.

ನಾನು ಇನ್ನೇನೋ ಹೇಳಲು ಹೊರಟೆ. ಸಾಹೇಬರು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

"ಅಣ್ಣ, ಈ ವಿಷಯವನ್ನು ಅವರ ಮುಂದೆ ಇನ್ನು ಎತ್ತಬೇಡಿ."

"ಮತ್ತೆ ನಿಮ್ಮ ಕಂಪನಿ?"

"ಕಂಪನಿಯನ್ನು ಬೇರೆ ಊರಿನಲ್ಲಿಯೂ ಮಾಡಬಹುದು."

"ಬೇರೆ ಊರಿನಾಗೆ ನಿಮ್ಮನ್ನ ಯಾರು ಸಹಿಸ್ಕಂತಾರೆ?"

ಮಾರನೆಯ ದಿನದಿಂದ ಸಾಹೇಬರು ತಮ್ಮ ಸಾಮಾನು ಹಂಚಲು ಶುರು ಮಾಡಿದರು. ಸೈಕಲ್ಲು ಒಬ್ಬ ನೇಕಾರನಿಗೆ, ಸ್ಟೋವು ಇನ್ನೊಬ್ಬನಿಗೆ. ಅದಕ್ಕೂ ಪ್ರತಿಯೊಬ್ಬರ ಕೈಯಲ್ಲಿ ರಸೀದಿ ಬರೆಸಿಕೊಂಡರು ಅನ್ನಿ, ಅದು ಬೇರೆ ಮಾತು. ಅವ್ವ ಜಗುಲಿಯ ಮೇಲೆ ಕುಳಿತು, ಸೈಕಲ್ಲು ಓಣಿ ದಾಟಿ ಹೋಗುವುದನ್ನು ನೋಡುತ್ತಿದ್ದಳು.

ಆ ವಾರದಲ್ಲಿ ಅವ್ವ ಎರಡು ಮೂರು ಸಲ ಬಿಲ್ಲಿನವನ ಜೊತೆ ಎಲ್ಲಿಗೋ ಹೋಗಿ ಬಂದಳು. ಕೇಳಿದರೆ "ನಿನಗ್ಯಾಕೆ" ಅಂದಳು. ಇನ್ನೊಂದು ದಿನ ಮಧ್ಯಾಹ್ನ ಕರೆಂಟಿನ ಆಫೀಸಿನ ಮೊಹರು ಬಿದ್ದ ಕಾಗದವೊಂದನ್ನು ತಂದು ನನ್ನ ಮಗ್ಗದ ಮೇಲಿಟ್ಟಳು. ಹೆಸರು ಬದಲಾಗಿತ್ತು.

"ಯಾಕವ್ವಾ?" ಅಂದೆ.

"ಎಷ್ಟು ಕೂಗಿದ್ರೂ ನಿಮ್ಮಪ್ಪ ಬರಲ್ಲ ಕಣಲೆ. ಈ ಸಾಹೇಬನ್ನ ಕೂಗಿದ್ರೆ ಬರ್ತಾನೆ" ಅಂದು ಒಲೆಯ ಕಡೆಗೆ ಹೋದಳು.

ಅಷ್ಟರಲ್ಲಿ ಸಾಹೇಬರು ಬಂದರು. ಬೆಂಗಳೂರಿನ ಬಸ್ಸಿನ ಸಮಯ ಕೇಳಲು ಬಂದಿದ್ದರೋ ಏನೋ. ನಾನು ಕಾಗದ ಚಾಚಿದೆ. ಅವರು ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಮೇಲಿಂದ ಓದುತ್ತಾ ಬಂದರು. ಹೆಸರಿನ ಹತ್ತಿರ ಬೆರಳು ನಿಂತಿತು. ನಮ್ಮ ಮನೆಯಲ್ಲಿ ಇಷ್ಟು ದಿನ ಉಂಡರೂ ಅವರು ಅವ್ವನನ್ನು ಅವ್ವ ಎಂದೇ ಬಲ್ಲವರು. ಅವರೇನು, ಓಣಿಯವರೆಲ್ಲಾ ಅವ್ವ ಎಂದೇ ಬಲ್ಲವರು.

"ಗಿರಿಯಮ್ಮ" ಎಂದು ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಗಿರಿಯಮ್ಮ ಎಂದರೆ ಯಾರು, ಅಣ್ಣ?"

ಒಳಗಿನಿಂದ ಅವ್ವನೇ ಉತ್ತರ ಕೊಟ್ಟಳು.

"ನಾನೇ ಕಣಪ್ಪಾ. ಮುದ್ದೆ ಆರ್ತೈತೆ, ಬಾ."