ಜೀರಿಗೆ ಪೊಟ್ಟಣದ ವಿಮಾನ

ಪಿರಿಯಾಪಟ್ಟಣದಲ್ಲಿ ವಿಮಾನದ ವಿಷಯ ಬಲ್ಲವನು ಯಾರಾದರೂ ಇದ್ದರೆ ಅವನು ನಾನೇ ಆಗಿರಬೇಕು ಎಂದು ಮೂವತ್ತೈದನೇ ಇಸವಿಯಲ್ಲಿ ಶಪಥ ಮಾಡಿದೆ. ಇದು ಅಂತಿಂಥ ಶಪಥವಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು, ತಕ್ಕಡಿಯನ್ನು ಸಾಕ್ಷಿ ಮಾಡಿಕೊಂಡು ಮಾಡಿದ ಶಪಥ. ಇದಕ್ಕೆ ಕಾರಣವಾದ ಅವಮಾನವನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಹೆಸರು ಷಣ್ಮುಖಪ್ಪ. ದೊಡ್ಡ ಬೀದಿಯಲ್ಲಿ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲ ಹಲಸಿನ ಮರದಡಿ ಬಾವಿ. ಈ ಬಾವಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಒಂದು ವರ್ಷ ಮರೆತಿದ್ದೆ.

ಆ ವರ್ಷ ಯುಗಾದಿಗೆ ಮುಂಚೆ ನಮ್ಮೂರ ಮೇಲೆ ಒಂದು ವಿಮಾನ ಹಾದುಹೋಯಿತು. ಊರಿಗೆ ಊರೇ ಬೀದಿಗೆ ಬಂದು ಕತ್ತೆತ್ತಿ ನೋಡಿತು. ಹಾಸಿಗೆ ಹಿಡಿದ ಮುದುಕರನ್ನು ಹೊತ್ತು ತಂದು ತೋರಿಸಿದರು. ಎಮ್ಮೆಗಳೂ ನೋಡಿದವು. ನಾನೊಬ್ಬ ಅಂಗಡಿಯೊಳಗೆ ಚಿಕ್ಕಸಿದ್ದಮ್ಮನಿಗೆ ಬೆಲ್ಲ ತೂಗುತ್ತಿದ್ದೆ. "ಅದೇನೋ ಸದ್ದು" ಎಂದು ಆಕೆ ಹೊರಗೋಡಿದಳು. ಮುಳ್ಳು ನಿಲ್ಲದೆ ತಕ್ಕಡಿ ಬಿಡುವ ಜಾತಿ ನನ್ನದಲ್ಲ. ಅರ್ಧ ಅಚ್ಚು ಒಡೆದು ಹಾಕಿ, ಮುಳ್ಳು ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಬಂದರೆ ಆಕಾಶ ಖಾಲಿ!

ಅಂದಿನಿಂದ ಗಿರಾಕಿಗಳು ಉಪ್ಪು ಕೇಳುವ ಮೊದಲು ಒಂದು ಮಾತು ಕೇಳುತ್ತಿದ್ದರು. "ಸಾವ್ಕಾರ್ರೇ, ನೀವು ನೋಡ್ಲಿಲ್ವಂತಲ್ಲ?"

ನೋಡದಿದ್ದರೇನು, ನೋಡಿದವರಿಗಿಂತ ಹೆಚ್ಚು ತಿಳಿಯುತ್ತೇನೆ ಎಂದುಕೊಂಡೆ. ಪೊಟ್ಟಣಕ್ಕೆಂದು ಮೈಸೂರಿನಿಂದ ತರಿಸುತ್ತಿದ್ದ ಹಳೇ ಕಾಗದದ ಕಟ್ಟಿನಲ್ಲಿ ಒಮ್ಮೆ ಲಂಡನ್ನಿನ ವಿಮಾನದ ಮಾಸಪತ್ರಿಕೆಯೊಂದು ಸಿಕ್ಕಿತ್ತು. ನುಣ್ಣನೆ ಕಾಗದ, ಪುಟಪುಟಕ್ಕೂ ವಿಮಾನದ ಚಿತ್ರ. ಅದರಲ್ಲಿದ್ದ ವಿಳಾಸಕ್ಕೆ ಒಂದು ವರ್ಷದ ಚಂದಾ ಕಳಿಸಿಯೇಬಿಟ್ಟೆ. ನಾನು ಲೋವರ್ ಸೆಕೆಂಡರಿವರೆಗೆ ಓದಿದವನು. ಇಂಗ್ಲಿಷಿನ ಹತ್ತು ಪದಗಳಲ್ಲಿ ನಾಲ್ಕು ಅರ್ಥವಾಗುತ್ತಿದ್ದವು. ಉಳಿದ ಆರನ್ನು ಚಿತ್ರ ನೋಡಿ ನಾನೇ ತುಂಬಿಕೊಳ್ಳುತ್ತಿದ್ದೆ.

ನಮ್ಮ ಬಾವಿಯ ರಾಟೆ ಒಡೆದದ್ದೂ ಅದೇ ತಿಂಗಳು. "ನಾಳೆ ಹುಣಸೂರಿಂದ ತತ್ತೀನಿ" ಎಂದು ನನ್ನ ಹೆಂಡತಿ ಮಂಗಳಮ್ಮನಿಗೆ ಹೇಳಿದೆ. ಆ ನಾಳೆ ಹನ್ನೆರಡು ತಿಂಗಳು ನಡೆಯಿತು. ಹನ್ನೆರಡು ತಿಂಗಳೂ ಆಕೆ ಬಾವಿಯ ಅಡ್ಡಮರದ ಮೇಲೆ ಬರೀ ಹಗ್ಗ ಹಾಕಿ, ಕೈಯಿಂದಲೇ ನೀರು ಜಗ್ಗಿದಳು. ಆಗೆಲ್ಲ ನಾನು ನೂರು ಮಣ ಭಾರದ ವಿಮಾನ ಮೇಲೇಳುವ ವಿಧಾನವನ್ನು ಅಭ್ಯಾಸ ಮಾಡುತ್ತಿದ್ದೆ.

ವರ್ಷ ಮುಗಿಯಿತು. ಲಂಡನ್ನಿನಿಂದ ಕಾಗದ ಬಂತು. ಚಂದಾ ಮುಗಿಯುತ್ತಿದೆ, ಮುಂದುವರಿಸುವಿರಾ ಎಂದು ಕೇಳಿದ್ದರು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ ಕಾಗದವನ್ನು ಮಂಗಳಮ್ಮನಿಗೆ ತೋರಿಸಿದೆ.

"ಶುಕ್ರವಾರದ ಟಪಾಲಿಗೆ ಹಾಕಿದ್ರೆ ಬೊಂಬಾಯಿ ಹಡಗಿಗೆ ಸೇರ್ತದೆ ಕಣೆ."

"ಆ ದುಡ್ಡಿಗೆ ಎರಡು ರಾಟೆ ಬತ್ತವೆ."

"ರಾಟೆ ಎಲ್ಲಿ, ವಿಮಾನ ಎಲ್ಲಿ! ಇದು ಜ್ಞಾನ ಕಣೆ, ಜ್ಞಾನ."

"ಆಗ್ಲಿ. ಇವತ್ತು ಬುಧವಾರ. ಶುಕ್ರವಾರದೊಳಗೆ ಆ ಪುಸ್ತಕದಿಂದ ಈ ಮನೆಗೆ ಆದ ಒಂದೇ ಒಂದು ಉಪಯೋಗ ತೋರ್ಸಿ. ನಾನೇ ಚಂದಾ ಕಟ್ಟಿ ಅಂತೀನಿ. ತೋರಿಸ್ನಿಲ್ಲ ಅಂದ್ರೆ ರಾಟೆ ತನ್ನಿ."

ಸಾರು ಬಡಿಸಲು ಆಕೆ ಕೈಚಾಚಿದಾಗ ಅಂಗೈ ಕಂಡಿತು. ಹಗ್ಗ ಉಜ್ಜಿ ಉಜ್ಜಿ ಅಡ್ಡಕ್ಕೆ ಎರಡು ಗೆರೆ ಕಪ್ಪಗೆ ಕೂತಿದ್ದವು. ನಾನು ಕಣ್ಣನ್ನು ತಟ್ಟೆಗೆ ಇಳಿಸಿದೆ. ಆದರೂ ಶಪಥ ಮಾಡಿದ ಗಂಡಸು ನೋಡಿ, "ಒಂದಲ್ಲ, ನೂರು ಉಪಯೋಗ ತೋರಿಸ್ತೀನಿ" ಎಂದು ಎದ್ದೆ.

ಓದಿ ಮುಗಿಸಿದ ಸಂಚಿಕೆಗಳನ್ನೆಲ್ಲ ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಏಣಿ ಹತ್ತಿ ಪೆಟ್ಟಿಗೆ ತೆರೆದೆ. ಕಡೆಯದೊಂದು ನನ್ನ ದಿಂಬಿನ ಕೆಳಗಿತ್ತು. ಉಳಿದ ಹನ್ನೊಂದೂ ಒಂದರ ಮೇಲೊಂದು ಜೋಡಿಸಿದಂತೆಯೇ ಇದ್ದವು. ಮೇಲಿನದನ್ನು ಎತ್ತಿದೆ. ತೀರಾ ಹಗುರ. ತೆರೆದೆ. ರಟ್ಟು ಇತ್ತು, ಒಳಗೆ ಏನೂ ಇರಲಿಲ್ಲ. ಎರಡನೆಯದೂ ಹಾಗೇ. ಹನ್ನೊಂದು ರಟ್ಟುಗಳಿದ್ದವು, ಪುಟ ಒಂದೂ ಇರಲಿಲ್ಲ.

"ಮಂಗಳಾ! ಕಳ್ಳತನ ಆಗ್ಬುಟ್ಟದೆ ಕಣೆ!"

"ಯಾವ ಕಳ್ಳತನಾನೂ ಆಗಿಲ್ಲ. ಪೊಟ್ಟಣಕ್ಕೆ ತಕೊಂಡೆ. ರಟ್ಟು ಮಡಚೋಕೆ ಬರಾಕಿಲ್ಲ, ಅದಕ್ಕೆ ಬುಟ್ಟೆ."

ನಮ್ಮ ಅಂಗಡಿಯಲ್ಲಿ ಜೀರಿಗೆ, ಸಾಸಿವೆ, ಮೆಣಸು, ಇಂಗಿನಂಥ ಸಣ್ಣ ಸಾಮಾನಿನ ಪೊಟ್ಟಣಗಳನ್ನು ಮಧ್ಯಾಹ್ನದ ಹೊತ್ತು ಒಳಗೆ ಕೂತು ಮಂಗಳಮ್ಮನೇ ಕಟ್ಟಿಡುವುದು. ಅದರಂತೆ ನನ್ನ ಜ್ಞಾನಭಂಡಾರವೆಲ್ಲ ಜೀರಿಗೆ ಪೊಟ್ಟಣವಾಗಿತ್ತು.

"ನನ್ನ ಒಂದು ಮಾತು ಕೇಳೋದಲ್ವಾ?"

"ಕೇಳ್ದೆ. ಮೈಸೂರಿನ ಕಾಗದದ ಕಟ್ಟು ಬರ್ನಿಲ್ಲ, ಪೆಟ್ಟಿಗೇಲಿರೋ ಹಳೇದು ತಕೊಳ್ಳಾ ಅಂದೆ. ಪುಸ್ತಕದಿಂದ ಕಣ್ಣು ತೆಗೀದೆ ಹ್ಞೂಂ ಅಂದ್ರಿ."

ಅಂದಿರಬೇಕು. ನಾನು ಎಲ್ಲದಕ್ಕೂ ಹ್ಞೂಂ ಅನ್ನುವವನೇ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಆ ಪೊಟ್ಟಣಗಳನ್ನು ಗಿರಾಕಿಗಳಿಗೆ ಕೊಟ್ಟವರು ಯಾರು? ನಾನೇ! ಎಂಟು ತಿಂಗಳು, ಗಲ್ಲಾದ ಮೇಲೆ ಕೂತು, ಒಂದು ಕೈಯಲ್ಲಿ ಹೊಸ ಸಂಚಿಕೆ ಹಿಡಿದು, ಇನ್ನೊಂದು ಕೈಯಿಂದ ಹಳೇ ಸಂಚಿಕೆಯನ್ನು ಪುಟಪುಟವಾಗಿ ಊರಿಗೆ ಹಂಚಿದ್ದೆ.

"ವಿಮಾನದ ಚಿತ್ರ ಇದ್ದಿದ್ರೆ ನನಗೆ ಕಾಣ್ತಿರ್ಲಿಲ್ವಾ?"

"ಬೊಂಬೆ ಒಳಗಾಕಿ ಮಡಚ್ತಿದ್ದೆ. ಹೊರಗಿದ್ರೆ ಕೈ ಎಣ್ಣೆ ಅಂಟಿ ಮಾಸೋಯ್ತದೆ ಅಂತ. ಪಾಪ, ಅಷ್ಟು ಚೆಂದಾಗಿ ಬರ್ದಿದ್ರು."

ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಹೆಗಲಿಗೆ ಚೀಲ ಏರಿಸಿ, ಪುಟಗಳನ್ನು ವಾಪಸು ತರಲು ಹೊರಟೆ. ಒಂದು ಉಪಯೋಗ ಸಾಕಿತ್ತು, ಒಂದೇ ಒಂದು.

ಮೊದಲು ಚಿಕ್ಕಸಿದ್ದಮ್ಮನ ಮನೆ. ಒಲೆಯ ಪಕ್ಕದ ಗೋಡೆಗೆ ಅನ್ನದ ಅಂಟಿನಿಂದ ಒಂದು ವಿಮಾನ ಅಂಟಿಸಿದ್ದಳು. ಹೊಗೆ ಕುಡಿದು ಅದು ಆಗಲೇ ಕಾಫಿ ಬಣ್ಣಕ್ಕೆ ತಿರುಗಿತ್ತು.

"ಅದು ನನ್ನದು ಕಣಮ್ಮ."

"ನಿಮ್ಮದೆಂಗಾದ್ದು? ಸಾಸಿವೆ ಜೊತೇಲಿ ಬಂತು. ನನ್ನ ಮೊಮ್ಮಗಳು ಇದ ನೋಡ್ಕಂಡೇ ಮುದ್ದೆ ನುಂಗದು. ಕೀಳಬ್ಯಾಡಿ ಸಾವ್ಕಾರ್ರೇ, ಮಗಾ ಉಪಾಸ ಬೀಳ್ತದೆ." ಆಮೇಲೆ ದನಿ ತಗ್ಗಿಸಿದಳು. "ಅವತ್ತು ನನಗೆ ಬೆಲ್ಲ ತೂಗ್ತಾ ನೀವು ನೋಡ್ದೆ ಹೋದ್ರಿ. ಅದು ನನಗೂ ಬ್ಯಾಸರವೇಯ."

ಮಗುವಿನ ಮುದ್ದೆ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಮುಂದೆ ದೊಡ್ಡಬೀರಯ್ಯ ಸಿಕ್ಕಿದ. ಕುರಿ ಮೇಯಿಸುವವನು. ಅವನು ಸೊಂಟದ ಚೀಲದಿಂದ ಹೊಗೆಸೊಪ್ಪು ಸುತ್ತಿದ ಕಾಗದ ತೆಗೆದು, ಸೊಪ್ಪನ್ನು ಅಂಗೈಗೆ ಸುರಿದುಕೊಂಡು, ಕಾಗದವನ್ನು ನನ್ನ ಮುಂದೆ ಹರಡಿದ.

"ನೋಡಿ, ಒಂದರ ಮ್ಯಾಲೊಂದು ಎಲ್ಡು ರೆಕ್ಕೆ. ನಾವೆಲ್ಲ ಅವತ್ತು ನೋಡಿದ್ದೂ ಇಂತದ್ದೇಯ. ನಿಮಗೆ ಗೊತ್ತಿಲ್ವಲ್ಲ, ಅದಕ್ಕೆ ಯೋಳ್ದೆ." ಹೀಗೆ ನನ್ನ ಪತ್ರಿಕೆಯಿಂದಲೇ ನನಗೆ ಪಾಠ ಹೇಳಿ, ಅದನ್ನು ಮಡಚಿ ಮತ್ತೆ ಸೊಂಟಕ್ಕೆ ಸೇರಿಸಿದ.

ಹನ್ನೆರಡು ಮನೆ ತಿರುಗಿದೆ. ಒಂದು ಪುಟ ಮೊಸರಿನ ಗಡಿಗೆಯ ಮುಚ್ಚಳವಾಗಿತ್ತು. ಇನ್ನೊಂದು ತೊಟ್ಟಿಲಿಗೆ ತೂಗುಬಿದ್ದಿತ್ತು. ಎಲ್ಲರೂ ಕೂರಿಸಿ ಮಜ್ಜಿಗೆ ಕೊಟ್ಟರು, ಪುಟ ಮಾತ್ರ ಯಾರೂ ಕೊಡಲಿಲ್ಲ. ಚೀಲ ಖಾಲಿ, ಹೊಟ್ಟೆ ತುಂಬಾ ಮಜ್ಜಿಗೆ. ಸಂಜೆಯ ಹೊತ್ತಿಗೆ ಗಾಡಿಚಕ್ರ ಮಾಡುವ ಹುಸೇನ್ ಸಾಬರ ಕೊಟ್ಟಿಗೆಯ ಮುಂದೆ ಬಂದು ನಿಂತೆ. ಉಳಿದದ್ದು ಅದೊಂದೇ ಮನೆ.

"ಬನ್ನಿ ಬನ್ನಿ ಸಾವ್ಕಾರ್ರೇ, ನಾನೇ ಬರೋಣ ಅಂತಿದ್ದೆ" ಎಂದರು.

ಕೊಟ್ಟಿಗೆಯ ಕಂಬಕ್ಕೆ ನಾಲ್ಕು ಮೊಳೆ ಹೊಡೆದು ನನ್ನ ಒಂದು ಪುಟ ನಿಲ್ಲಿಸಿದ್ದರು. ವಿಮಾನದ ಹೊಟ್ಟೆ ಸೀಳಿ ಒಳಗಿನದನ್ನು ತೋರಿಸುವ ಚಿತ್ರ. ಓಡಿಸುವವನ ಕೈಯಿಂದ ಬಾಲದವರೆಗೆ ಒಂದು ತಂತಿ ಹೋಗುತ್ತದೆ. ಅದು ತಿರುಗುವಲ್ಲೆಲ್ಲ ಪುಟ್ಟ ಪುಟ್ಟ ಗಾಲಿಗಳು. ಆ ಪುಟವನ್ನು ನಾನು ನಾಲ್ಕು ಸಲ ಓದಿದ್ದೆ. ಗಾಲಿ ಒಂದೂ ನೆನಪಿರಲಿಲ್ಲ.

ಕಂಬದ ಕೆಳಗೆ, ಚಕ್ಕೆಗಳ ನಡುವೆ, ಹೊಸದೊಂದು ಮರದ ರಾಟೆ ಕೂತಿತ್ತು.

"ಇದು ಯಾರಿಗೆ?" ಎಂದೆ.

"ನಿಮ್ಮನೆಗೇ ಸಾವ್ಕಾರ್ರೇ! ಮಂಗಳಮ್ಮೋರು ಪೊಟ್ಟಣ ಕಟ್ಟೋವಾಗ ಈ ಬೊಂಬೆ ನೋಡಿದ್ರಂತೆ. ನಮ್ಮ ಮನೆಯಾಕೆ ಆಮಿನಾಬಿ ಕೈಲಿ ಕಳಿಸಿದ್ರು. 'ಇಂಥ ಗಾಲಿ ಮರದಾಗೆ ಆಗ್ತದಾ ಕೇಳು, ನಮ್ಮ ಮನೆಯೋರಿಗೆ ಪುರಸೊತ್ತಿಲ್ಲ' ಅಂದ್ರಂತೆ. ನೋಡಿ, ಹಗ್ಗ ಜಾರದ ಹಂಗೆ ಎರಡು ಕಡೆ ತಡೆ. ಬೊಂಬೇಲಿ ಹೆಂಗದೋ ಹಂಗೇ ಮಾಡಿದ್ದೀನಿ." ಒಂದು ಬೆರಳಿನಿಂದ ತಿರುಗಿಸಿದರು. ರಾಟೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ಅಕ್ಷರ ಬಾರದವಳು ಆ ಪತ್ರಿಕೆಯನ್ನು ನನಗಿಂತ ಚೆನ್ನಾಗಿ ಓದಿದ್ದಳು. ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ ಇಂಥವಳು ನನ್ನ ಮನೆಯಲ್ಲಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಹುಸೇನ್ ಸಾಬರ ಕೈ ಹಿಡಿದುಕೊಂಡು ನಿಂತೆ. ಮಜ್ಜಿಗೆ ಜಾಸ್ತಿಯಾಗಿದೆ ಎಂದು ಅವರು ತಿಳಿದುಕೊಂಡಿರಬೇಕು.

ಶುಕ್ರವಾರ ಬೆಳಿಗ್ಗೆ ಅವರೇ ಬಂದು ಅಡ್ಡಮರಕ್ಕೆ ರಾಟೆ ಕೂರಿಸಿದರು. ನಾನು ಸೊಂಟಕ್ಕೆ ಕೈಯಿಟ್ಟು ಹೆಂಡತಿಯ ಮುಂದೆ ನಿಂತೆ.

"ನೋಡಿದ್ಯಾ? ಪುಸ್ತಕದಿಂದ ಮನೆಗಾದ ಉಪಯೋಗ!"

"ನನಗೆ ಗೊತ್ತಿತ್ತು. ನಿಮಗೂ ಗೊತ್ತಾಗ್ಲಿ ಅಂತ ಊರು ಸುತ್ತಿಸ್ದೆ" ಎಂದಳು ಮಂಗಳಮ್ಮ.

ನಾನು ಸೊಂಟದಿಂದ ಕೈ ತೆಗೆದೆ. "ಚಂದಾ ಬ್ಯಾಡ ಕಣೆ. ರಾಟೆಗೇ ಒಂದು ವರ್ಷ ಮಾಡ್ದೆ, ಇನ್ನು ಆ ಪುಸ್ತಕ ಯಾವ ಮುಖ ಇಟ್ಕಂಡು ಓದ್ಲಿ? ಮೊದಲನೇ ಕೊಡ ಮಾತ್ರ ನಾನೇ ಸೇದ್ತೀನಿ."

ಆಕೆಯ ತವರಿನ ಹಿತ್ತಾಳೆ ಕೊಡವನ್ನು ಬಾವಿಗೆ ಇಳಿಸಿದೆ. ತುಂಬಿದ ಕೊಡ ಹಗುರವಾಗಿ ಮೇಲೆ ಬರುತ್ತಿತ್ತು. ಅರ್ಧಕ್ಕೆ ಬಂದಿರಬೇಕು, ಆಗ ಆ ಸದ್ದು ಕೇಳಿಸಿತು. ಗುರ್ ಎಂದು ಮೇಲಿನಿಂದ! ಹುಸೇನ್ ಸಾಬರು ಉಳಿ ಬಿಸಾಡಿ ಬೀದಿಗೆ ಓಡಿದರು. ಮಂಗಳಮ್ಮ ಹಿತ್ತಲ ಬಯಲಿಗೆ ಹಾರಿದಳು. ಬೀದಿಯಲ್ಲೆಲ್ಲ ಗದ್ದಲ.

"ಬಂತು! ಬನ್ರೀ, ಬೇಗ ಬನ್ರೀ!"

ಕತ್ತೆತ್ತಿದೆ. ಹಲಸಿನ ಮರ. ಎಲೆಯ ಮೇಲೆ ಎಲೆ, ಅದರ ನಡುವೆ ಕಾಯಿ.

"ಕೊಡ ಅರ್ಧಕ್ಕೆ ಬಂದದೆ ಕಣೆ!"

"ಬುಡ್ರೀ ಕೊಡಾನ! ಹಾಳಾಗೋಗ್ಲಿ!"

ಹಗ್ಗ ಬಿಟ್ಟರೆ ಕೊಡ ಬಾವಿಯ ಕಲ್ಲಿಗೆ ಬಡಿದು ಜಜ್ಜಿಹೋಗುತ್ತದೆ. ಹನ್ನೆರಡು ತಿಂಗಳು ಅದೇ ಕೊಡವನ್ನು ಆಕೆ ಬರಿಗೈಯಲ್ಲಿ ಒಂದು ಸಲವೂ ಬಿಡದೆ ಎತ್ತಿದ್ದಳು. ನಾನೂ ಬಿಡಲಿಲ್ಲ. ಒಂದೊಂದೇ ಮೊಳ ಜಗ್ಗಿ, ಕೊಡವನ್ನು ಕಟ್ಟೆಯ ಮೇಲೆ ಇಟ್ಟು, ಹೊರಗೆ ಓಡಿ ಬಂದು ನೋಡಿದೆ. ಆಕಾಶ ಖಾಲಿ ಇತ್ತು.

ಮಂಗಳಮ್ಮ ಕೊಡ ನೋಡಿದಳು. ನನ್ನನ್ನು ನೋಡಿದಳು. ಕೆಂಪಾಗಿದ್ದ ನನ್ನ ಅಂಗೈಯನ್ನು ಸೆರಗಿನಲ್ಲಿ ಒರೆಸಿದಳು.

"ಹೆಂಗಿತ್ತೆ?" ಎಂದೆ.

"ನಿಮ್ಮ ಪುಸ್ತಕದಾಗೆ ಇರೋ ಹಂಗೇ ಇತ್ತು" ಎಂದಳು. "ಟಪಾಲು ಕಟ್ಟೋ ಹೊತ್ತಾಯ್ತು, ಹೋಗಿ ಚಂದಾ ಕಟ್ಟಿ ಬನ್ನಿ. ವಿಮಾನ ನೋಡೋಕೆ ನಿಮಗಿರೋದು ಅದೊಂದೇ ದಾರಿ."