ಮೇಷ್ಟ್ರ ಅರ್ಧ ಮೀಸೆಯ ವಿಷಯವಾಗಿ ಗಾಳಿಯಂತ್ರಕ್ಕೆ

ನನ್ನ ಹಾಸಿಗೆಯ ಪಕ್ಕದ ಮೇಜಿನ ಮೇಲೆ, ನೀರಿನ ಲೋಟವನ್ನೂ ಕನ್ನಡಕವನ್ನೂ ಅಂಚಿಗೆ ತಳ್ಳಿ ವಿರಾಜಮಾನರಾಗಿರುವ ಗಾಳಿಯಂತ್ರ ಮಹಾಶಯರ ಸನ್ನಿಧಿಗೆ, ಮೂಲೆಯ ಕ್ಷೌರದಂಗಡಿಯವನು ಮಾಡಿಕೊಳ್ಳುವ ಸವಿನಯ ದೂರು.

ಮಾನ್ಯರೇ,

ತಾವು ನಮ್ಮ ಮನೆಗೆ ಬರಲು ಕಾರಣವಾದ ಕಥೆಯನ್ನು ಮೊದಲು ಹೇಳಿದವಳು ನನ್ನ ಹೆಂಡತಿ. ಮದುವೆಯಾದ ಒಂಬತ್ತನೆಯ ವರ್ಷ, ನಾನು ಹಲ್ಲುಜ್ಜುತ್ತಿದ್ದ ಒಂದು ಬೆಳಿಗ್ಗೆ. "ರೀ, ನೀವು ಗೊರಕೆ ಹೊಡೆಯೋದಕ್ಕೆ ನಂದೇನೂ ತಕರಾರಿಲ್ಲ, ಮಧ್ಯೆ ನಿಲ್ಲಿಸ್ತೀರಲ್ಲ, ಅದಕ್ಕೆ ತಕರಾರು. ಆಗ ಉಸಿರೇ ಇರಲ್ಲ. ನಾನು ಒಂದು, ಎರಡು ಅಂತ ಎಣಿಸ್ತಾ ಕೂತಿರ್ತೀನಿ" ಎಂದಳು. ಬಾಯಲ್ಲಿ ನೊರೆಯಿದ್ದುದರಿಂದ ನಾನು ಉತ್ತರಿಸಲಿಲ್ಲ. ಆಮೇಲೆ ಏಳು ವರ್ಷ, ಬಾಯಿ ಖಾಲಿಯಿದ್ದಾಗಲೂ ಉತ್ತರಿಸಲಿಲ್ಲ. ಗೊರಕೆಯೆಂದರೆ ಸುಖನಿದ್ದೆಯ ಗುರುತೆಂದು ನಂಬಿದ ಮನೆತನ ನಮ್ಮದು.

ಆ ಸುಖನಿದ್ದೆ ಮುಗಿಸಿ, ತಲೆನೋವು ಹೊತ್ತುಕೊಂಡು ಅಂಗಡಿ ತೆರೆದರೆ, ಹತ್ತು ಗಂಟೆಗೆಲ್ಲ ನಿಂತಲ್ಲೇ ತೂಕಡಿಸುತ್ತಿದ್ದೆ. ಬೇರೆ ಅಂಗಡಿಗಳಲ್ಲಿ ಕುರ್ಚಿಯಲ್ಲಿ ಕೂತವರು ನಿದ್ದೆ ಹೋಗುತ್ತಾರೆ, ನನ್ನಲ್ಲಿ ಕತ್ತಿ ಹಿಡಿದವನೇ ಹೋಗುತ್ತಿದ್ದ. ಗಿರಾಕಿಗಳು ನನ್ನನ್ನು ಎಚ್ಚರವಾಗಿಡಲು ಸರದಿಯ ಮೇಲೆ ಮಾತಾಡುತ್ತಿದ್ದರು. ಮಾತು ಮುಗಿದವರು ಕೆಮ್ಮುತ್ತಿದ್ದರು. ನಾನು ಕಥೆ ಶುರು ಮಾಡಿದರೆ ರಾಜಕುಮಾರಿ ಬಾವಿಗೆ ಬೀಳುವಷ್ಟರಲ್ಲಿ ನಾನು ನಿದ್ದೆಗೆ ಬೀಳುತ್ತಿದ್ದೆ. ಎಷ್ಟೋ ರಾಜಕುಮಾರಿಯರು ಇನ್ನೂ ಬಾವಿಯಲ್ಲೇ ಇದ್ದಾರೆ.

ಒಂದು ದಿನ ಶಾಲೆಯ ಮೇಷ್ಟ್ರು ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದರು. ಕೆನ್ನೆ ಮುಗಿಸಿ ಕುತ್ತಿಗೆಗೆ ಬರಬೇಕು, ಅಷ್ಟರಲ್ಲಿ ನನ್ನ ರೆಪ್ಪೆ ಮುಚ್ಚಿತು. ಕಣ್ಣು ತೆರೆದಾಗ ಅವರ ಮೂವತ್ತು ವರ್ಷದ ಮೀಸೆಯ ಎಡಭಾಗ ಟವೆಲಿನ ಮೇಲಿತ್ತು. ಕೈ ಒಂದು ಗೇಣು ಕೆಳಗೆ ಜಾರಿದ್ದರೆ ಏನಾಗುತ್ತಿತ್ತೆಂದು ಅಂಗಡಿಯಲ್ಲಿದ್ದವರೆಲ್ಲ ತಂತಮ್ಮ ಕತ್ತು ಮುಟ್ಟಿ ನೋಡಿಕೊಂಡರು. ಮೇಷ್ಟ್ರು ಎದ್ದು, ಕನ್ನಡಿ ನೋಡಿ, ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. "ಡಾಕ್ಟರ ಹತ್ತಿರ ಹೋಗಿ ಬಾ. ಇನ್ನರ್ಧ ನೀನೇ ತೆಗೀಬೇಕು, ಕಣ್ಣು ಬಿಟ್ಕೊಂಡು. ಅಲ್ಲೀವರೆಗೂ ಇದು ಹೀಗೇ ಇರುತ್ತೆ" ಎಂದು ಹೊರಟೇಹೋದರು. ಬೋಳಾದ ಕಡೆ ಕೂದಲು ಚಿಗುರದಂತೆ ದಿನಾ ಮನೆಯಲ್ಲೇ ನುಣ್ಣಗೆ ಕೆರೆದುಕೊಂಡು, ಉಳಿದರ್ಧವನ್ನು ಬಾಚಿಕೊಂಡು, ನನ್ನ ಅಂಗಡಿಯ ಮುಂದಿನಿಂದಲೇ ಶಾಲೆಗೆ ಹೋಗುತ್ತಿದ್ದರು. ಅಂಥ ಜಾಹೀರಾತು ಹನ್ನೊಂದು ದಿನ ತಡೆದುಕೊಂಡೆ.

ಹನ್ನೆರಡನೆಯ ದಿನ ಆಸ್ಪತ್ರೆಗೆ ಹೋದೆ. ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ರಾತ್ರಿ ಅಲ್ಲೇ ಮಲಗಿಸಿದರು. ಬೆಳಿಗ್ಗೆ ಡಾಕ್ಟರಮ್ಮ ಕಾಗದ ನೋಡಿ, ನಾನು ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲಿಸುತ್ತೇನೆಂದರು. ಮಲಗಿದಾಗ ಗಂಟಲಿನ ಸ್ನಾಯು ಸಡಿಲಗೊಂಡು ದಾರಿ ಮುಚ್ಚುತ್ತದಂತೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದಂತೆ, ಮತ್ತೆ ಮಲಗಿದರೆ ಮತ್ತೆ ಅದೇ ಕಥೆಯಂತೆ. ನಾನು ಎದ್ದದ್ದೇ ನನಗೆ ಗೊತ್ತಾಗುವುದಿಲ್ಲ. ಹೀಗೇ ಬಿಟ್ಟರೆ ಹೃದಯಕ್ಕೂ ಪೆಟ್ಟು ಎಂದರು. ತೂಕ ಇಳಿಸಿ, ಪಕ್ಕಕ್ಕೆ ತಿರುಗಿ ಮಲಗಿ, ಕುಡಿತದ ಹತ್ತಿರ ಹೋಗಬೇಡಿ ಎಂದು ಹೇಳಿ, ಮೂಗಿಗೆ ಮುಖವಾಡ ಕಟ್ಟಿ ರಾತ್ರಿಯಿಡೀ ಗಾಳಿ ಊದಿ ಗಂಟಲಿನ ದಾರಿ ತೆರೆದಿಡಲು ತಮ್ಮನ್ನು ಗೊತ್ತುಮಾಡಿದರು.

ಈಗ ದೂರಿಗೆ ಬರುತ್ತೇನೆ. ಮೊದಲ ರಾತ್ರಿ ತಾವು ನನ್ನನ್ನು ಎಷ್ಟು ಮೌನವಾಗಿಸಿದಿರೆಂದರೆ, ಎಣಿಸಿ ರೂಢಿಯಾದ ನನ್ನ ಹೆಂಡತಿ ಇನ್ನೂರರವರೆಗೆ ಎಣಿಸಿ, ನಾನು ಹೋದೆನೆಂದೇ ತಿಳಿದು, ತಮ್ಮ ಮುಖವಾಡವನ್ನು ಕಿತ್ತೆಸೆದು ನನ್ನನ್ನು ಎಬ್ಬಿಸಿದಳು. ಈಗಲಾದರೋ ನನಗಿಂತ ಮೊದಲೇ ಮಲಗಿ ನನಗಿಂತ ತಡವಾಗಿ ಏಳುತ್ತಾಳೆ. ಏಳು ವರ್ಷದ ಬಾಕಿ ನಿದ್ದೆ ತೀರಿಸುತ್ತಿದ್ದಾಳಂತೆ. ತಮ್ಮ ಮುಖವಾಡದ ಪಟ್ಟಿಯ ಗುರುತು ಕೆನ್ನೆಯ ಮೇಲೆ ಮಧ್ಯಾಹ್ನದವರೆಗೂ ಉಳಿಯುತ್ತದೆ, ಎದುರುಬದುರು ಕನ್ನಡಿಗಳಿರುವ ಅಂಗಡಿಯಲ್ಲಿ ಅದು ನಲವತ್ತು ಕೆನ್ನೆಗಳ ಮೇಲೆ ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತರಕಾರಿ ತರಲು ಮರೆತರೆ "ಪಾಪ, ನಿದ್ದೆ ಸಾಲದು" ಎಂದು ಕ್ಷಮಿಸುವವರೇ ಇಲ್ಲವಾಗಿದ್ದಾರೆ. ಇಷ್ಟು ಗಾಳಿ ಊದುವ ತಾವು, ಅದರ ಜೊತೆಯಲ್ಲೇ ತರಕಾರಿಯ ಪಟ್ಟಿಯನ್ನೂ ನನ್ನ ತಲೆಗೆ ಊದಬೇಕೆಂದು, ನಮ್ಮ ಭಾವನವರು ಮಾತು ಶುರು ಮಾಡಿದಾಗ ಮಾತ್ರ ಹಳೆಯ ತೂಕಡಿಕೆಯನ್ನು ಅರ್ಧ ಗಂಟೆ ಕಡವಾಗಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಮೊನ್ನೆ ಸಂಜೆ ಈ ಕಥೆಯನ್ನೆಲ್ಲ ಅಂಗಡಿಯಲ್ಲಿ ಐದು ಜನರ ಮುಂದೆ ಹೇಳಿದೆ. ಯಾರೂ ಕೆಮ್ಮಲಿಲ್ಲ. ಬಾವಿಯಲ್ಲಿದ್ದ ಒಬ್ಬ ರಾಜಕುಮಾರಿಯನ್ನೂ ಮೇಲೆತ್ತಿದೆ. ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು ಕೊನೆಯವರೆಗೂ ನನ್ನ ರೆಪ್ಪೆಯನ್ನೇ ನೋಡುತ್ತಿದ್ದರು.

ತಾವಿಲ್ಲದೆ ಮಲಗಲಾರದ,
ತಮ್ಮ ವಿಶ್ವಾಸಿ,
ಕ್ಷೌರದಂಗಡಿಯವನು

ಮರೆತ ಮಾತು: ಮರುದಿನ ಬೆಳಿಗ್ಗೆ ಆ ಐವರಲ್ಲಿ ನಾಲ್ವರು ಬಂದು ಸಾಲಾಗಿ ಬೆಂಚಿನ ಮೇಲೆ ಕೂತರು, ನೋಡಲಿಕ್ಕೆ. ಐದನೆಯವರಾದ ಮೇಷ್ಟ್ರು ಜೇಬಿನಿಂದ ಕತ್ತಿ ತೆಗೆದು ನನ್ನ ಕೈಗಿತ್ತು, ಕುರ್ಚಿಯಲ್ಲಿ ಕತ್ತು ಚೆಲ್ಲಿ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ನಾನು ನೊರೆ ಹಚ್ಚುವಷ್ಟರಲ್ಲಿ ಗೊರಕೆ ಶುರುವಾಯಿತು. ಆಮೇಲೆ ನಿಂತಿತು. ಬೆಂಚಿನವರೂ ನಾನೂ ಒಟ್ಟಿಗೆ ಎಣಿಸಿದೆವು. ಹತ್ತೊಂಬತ್ತಕ್ಕೆ ಮೇಷ್ಟ್ರು ಬೆಚ್ಚಿ ಉಸಿರೆಳೆದರು. ನಾನು ನೊರೆ ಒರೆಸಿ, ಕತ್ತಿಯನ್ನು ನನ್ನ ಜೇಬಿಗೆ ಹಾಕಿಕೊಂಡು, ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟಿದ್ದೇನೆ. ಉಳಿದರ್ಧ ಹಾಗೇ ಇದೆ. ತಮಗೊಬ್ಬ ತಮ್ಮನಿದ್ದರೆ ಬೇಗ ಕಳುಹಿಸಿಕೊಡಿ, ಶಾಲೆಯ ಮಕ್ಕಳು ನಗುತ್ತಿದ್ದಾರೆ.